ಮನೆಯ ಗೇಮಿಂಗ್ ಕಂಪ್ಯೂಟರ್‌ನಲ್ಲಿ ದತ್ತಾಂಶ ನಷ್ಟ: ಅಹಮದಾಬಾದ್, ವಡೋದರಾ, ಸೂರತ್ ನಗರಗಳ ಹಿನ್ನೆಲೆಯಲ್ಲಿ

ಗೇಮಿಂಗ್ ಕಂಪ್ಯೂಟರ್‌ನಿಂದ ನೂರು ಗಿಗಾಬೈಟ್‌ನ ಆಟವೊಂದು ಅಳಿಸಿಹೋದರೆ ಅದನ್ನು ಒಂದು ರಾತ್ರಿಯಲ್ಲಿ ಮತ್ತೆ ಇಳಿಸಿಕೊಳ್ಳಬಹುದು. ಅದೇ ಡಿಸ್ಕಿನ ಸಣ್ಣದೊಂದು ಫೋಲ್ಡರ್‌ನಲ್ಲಿದ್ದ ಎರಡು ವರ್ಷದ ಮೈನ್‌ಕ್ರಾಫ್ಟ್ ಲೋಕ, ಅಜ್ಜನ ಷಷ್ಟ್ಯಬ್ದಿಯ ಫೋಟೊಗಳು, ಮಗಳ ಕಾಲೇಜಿನ ಪ್ರಾಜೆಕ್ಟ್, ಮನೆಯ ಕ್ರಯಪತ್ರದ ಸ್ಕ್ಯಾನ್ ಪ್ರತಿ ಹೋದರೆ ಅವು ಯಾವ ಸರ್ವರ್‌ನಲ್ಲೂ ಸಿಗುವುದಿಲ್ಲ. ಮನೆಯಲ್ಲಿ ಎಲ್ಲಕ್ಕಿಂತ ದೊಡ್ಡ ಡಿಸ್ಕ್ ಇರುವುದು ಆಟದ ಯಂತ್ರದಲ್ಲೇ ಆದ್ದರಿಂದ ಕುಟುಂಬದ ಕಾಗದಪತ್ರ, ಚಿತ್ರ, ವಿಡಿಯೊಗಳೆಲ್ಲ ತಾವಾಗಿ ಅಲ್ಲಿಗೇ ಬಂದು ಸೇರುತ್ತವೆ. ಮನೆಯ ಉಪಕರಣಗಳಲ್ಲಿ ಅತಿ ಹೆಚ್ಚು ಕೈಯಾಡಿಸಿಕೊಳ್ಳುವುದೂ ಅದೇ. ಪ್ರೊಸೆಸರ್‌ನ ವೇಗ ಏರಿಸುವುದು, ಬಯೋಸ್ ಹೊಸದು ಹಾಕುವುದು, ಗ್ರಾಫಿಕ್ಸ್ ಕಾರ್ಡ್ ಬದಲಿಸುವುದು, ಎಲ್ಲೆಲ್ಲಿಂದಲೋ ತಂದ ಮಾಡ್‌ಗಳನ್ನು ಅಳವಡಿಸುವುದು ಇವೆಲ್ಲ ನಡೆಯುವುದು ಅಲ್ಲಿಯೇ.

ದಿಢೀರ್ ದತ್ತಾಂಶ ನಷ್ಟ ಎಂದು ಕರೆಸಿಕೊಳ್ಳುವ ಘಟನೆಗಳು ಒಂದೇ ಬಗೆಯವಲ್ಲ. ಕೆಲವೊಮ್ಮೆ ಫೈಲುಗಳು ಇದ್ದಲ್ಲೇ ಇದ್ದು ಕಣ್ಣಿಗೆ ಕಾಣಿಸುತ್ತಿರುವುದಿಲ್ಲ. ಕೆಲವೊಮ್ಮೆ ಅವುಗಳ ವಿಳಾಸ ಬರೆದಿಟ್ಟ ಪಟ್ಟಿ ಹಾಳಾಗಿರುತ್ತದೆ. ಪುಸ್ತಕದ ಪರಿವಿಡಿ ಹರಿದುಹೋದರೂ ಒಳಗಿನ ಪುಟಗಳು ಉಳಿದಿರುವಂಥ ಸ್ಥಿತಿ ಇದು. ಇನ್ನು ಕೆಲವೊಮ್ಮೆ ಡಿಸ್ಕೇ ಸತ್ತಿರುತ್ತದೆ, ಇಲ್ಲವೇ ಅದರ ಮೇಲಿನ ಬರಹದ ಮೇಲೆ ಬೇರೆ ಬರಹ ಬಿದ್ದಿರುತ್ತದೆ. ಮೊದಲಿನೆರಡು ಸ್ಥಿತಿಗಳಿಂದ ದತ್ತಾಂಶವನ್ನು ಮರಳಿ ತರಲು ಸಾಧ್ಯವಿದ್ದರೂ ಗಾಬರಿಯಲ್ಲಿ ವಿಂಡೋಸ್ ಮರುಸ್ಥಾಪಿಸಿ, ಡಿಸ್ಕ್ ಫಾರ್ಮ್ಯಾಟ್ ಮಾಡಿ ಅದನ್ನು ಮೂರನೆಯ ಸ್ಥಿತಿಗೆ ತಳ್ಳುವವರು ಬಹಳ. ಹೀಗಾಗಿ ಏನು ಕೆಟ್ಟಿತು ಎಂಬುದರಷ್ಟೇ, ಕೆಟ್ಟ ಮೇಲಿನ ಮೊದಲ ಗಂಟೆಯಲ್ಲಿ ಏನು ಮಾಡಿದರು ಎಂಬುದೂ ಮುಖ್ಯವಾಗುತ್ತದೆ.

ಕಣ್ಮರೆಯಾದಂತೆ ತೋರುವ ಫೈಲುಗಳು

ಬೆಳಿಗ್ಗೆ ಕಂಪ್ಯೂಟರ್ ಹಾಕಿದರೆ ಡೆಸ್ಕ್‌ಟಾಪ್ ಹೊಸದರಂತೆ ಖಾಲಿ, ಹಳೆಯ ಸೇವ್‌ಗಳಿಲ್ಲ, ಫೋಟೊಗಳಿಲ್ಲ. ಇಂಥ ದೂರಿಗೆ ವಿಂಡೋಸ್‌ನಲ್ಲಿ ಎರಡು ಸಾಮಾನ್ಯ ಕಾರಣಗಳಿವೆ. ಬಳಕೆದಾರರ ಪ್ರೊಫೈಲ್ ಓದಲಾಗದೆ ವ್ಯವಸ್ಥೆ ತಾತ್ಕಾಲಿಕ ಪ್ರೊಫೈಲ್ ತೆರೆದಿರಬಹುದು. ಆಗ ಹಳೆಯ ಫೈಲುಗಳೆಲ್ಲ ಸಿ ಡ್ರೈವಿನ ಯೂಸರ್ಸ್ ಫೋಲ್ಡರ್‌ನಲ್ಲಿ ಹಳೆಯ ಹೆಸರಿನಲ್ಲೇ ಇರುತ್ತವೆ. ಇಲ್ಲವೇ ಒನ್‌ಡ್ರೈವ್‌ನ ಬ್ಯಾಕಪ್ ಚಾಲೂ ಆಗಿ ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಫೋಲ್ಡರ್‌ಗಳು ಅದರ ಅಡಿಯಲ್ಲಿನ ಹೊಸ ಜಾಗಕ್ಕೆ ಹೋಗಿರಬಹುದು. ಹಲವು ಆಟಗಳು ತಮ್ಮ ಸೇವ್‌ಗಳನ್ನು ಡಾಕ್ಯುಮೆಂಟ್ಸ್ ಒಳಗಿನ ಮೈ ಗೇಮ್ಸ್ ಫೋಲ್ಡರ್‌ನಲ್ಲಿ ಇಡುವುದರಿಂದ ಆ ಜಾಗ ಬದಲಾದ ದಿನ ಆಟ ಮೊದಲ ಹಂತದಿಂದ ಶುರುವಾಗುತ್ತದೆ. ವಿಂಡೋಸ್‌ನ ದೊಡ್ಡ ಅಪ್‌ಡೇಟ್ ಆದ ಮೇಲೆ ಹಳೆಯ ವ್ಯವಸ್ಥೆ ‘ವಿಂಡೋಸ್ ಓಲ್ಡ್’ ಎಂಬ ಫೋಲ್ಡರ್‌ನಲ್ಲಿ ಸಾಮಾನ್ಯವಾಗಿ 10 ದಿನ ಉಳಿಯುತ್ತದೆ. ಹುಡುಕಾಟ ಅಲ್ಲಿಂದ ಶುರುವಾಗುವುದು ಒಳ್ಳೆಯದು.

ಇಡೀ ಡಿಸ್ಕೇ ಕಾಣೆಯಾಗುವ ಪ್ರಕರಣಗಳಲ್ಲಿ ಮದರ್‌ಬೋರ್ಡ್‌ನ ಪುಟ್ಟ ಸಿಆರ್2032 ಬ್ಯಾಟರಿಯ ಪಾಲು ಕಡಿಮೆಯಲ್ಲ. 3 ವೋಲ್ಟ್‌ನ ಈ ಸೆಲ್ ಬತ್ತಿದಾಗ ಹಲವು ಬೋರ್ಡ್‌ಗಳಲ್ಲಿ ಗಡಿಯಾರ ಹಿಂದಕ್ಕೆ ಹೋಗುವುದರ ಜೊತೆಗೆ ಬಯೋಸ್‌ನ ಆಯ್ಕೆಗಳು ಕಾರ್ಖಾನೆಯ ಸ್ಥಿತಿಗೆ ಮರಳುತ್ತವೆ. ಹಲವು ಡಿಸ್ಕ್‌ಗಳನ್ನು ಒಂದಾಗಿಸುವ ರೇಡ್ ವಿಧಾನದಲ್ಲಿ ಜೋಡಿಸಿಟ್ಟಿದ್ದರೆ, ಇಲ್ಲವೇ ಹಳೆಯ ಬೂಟ್ ವಿಧಾನದಲ್ಲಿ ವಿಂಡೋಸ್ ಹಾಕಿದ್ದರೆ, ಆಗ ಪರದೆಯ ಮೇಲೆ ಬರುವುದು ಬೂಟ್ ಮಾಡಬಲ್ಲ ಸಾಧನವಿಲ್ಲ ಎಂಬ ಸಂದೇಶ ಮಾತ್ರ. ಕೆಲವು ರೂಪಾಯಿಯ ಸೆಲ್ ಬದಲಿಸಿ ಹಳೆಯ ಆಯ್ಕೆಗಳನ್ನು ಮರಳಿ ಹಾಕಿದರೆ ಎಲ್ಲವೂ ತಿರುಗಿ ಬರುವ ಇಂಥ ಪ್ರಸಂಗದಲ್ಲಿ ಡಿಸ್ಕನ್ನು ಫಾರ್ಮ್ಯಾಟ್ ಮಾಡಿಬಿಡುವುದು ನಿಜಕ್ಕೂ ನೋವಿನ ಸಂಗತಿ.

ಗೇಮಿಂಗ್ ಯಂತ್ರಗಳಿಗೇ ವಿಶೇಷವಾದ ಅಪಾಯವೊಂದು ಆಟಗಳ ಕಾವಲು ತಂತ್ರಾಂಶದಿಂದ ಬಂದಿದೆ. 2020ರಲ್ಲಿ ಬಿಡುಗಡೆಯಾದ ವ್ಯಾಲೊರಂಟ್ ಆಟ ವಿಂಡೋಸ್ 11ರಲ್ಲಿ ಓಡಬೇಕಾದರೆ ಸೆಕ್ಯೂರ್ ಬೂಟ್ ಮತ್ತು ಟಿಪಿಎಂ 2.0 ಎಂಬ ಎರಡೂ ಭದ್ರತಾ ವ್ಯವಸ್ಥೆಗಳು ಚಾಲೂ ಇರಬೇಕು. ಆಟ ತೆರೆಯದಿದ್ದಾಗ ಹುಡುಗರು ಬಯೋಸ್ ಹೊಕ್ಕು ಸೆಕ್ಯೂರ್ ಬೂಟ್ ಹಾಕುತ್ತಾರೆ. ಡಿಸ್ಕ್ ಹಳೆಯ ಎಂಬಿಆರ್ ಮಾದರಿಯದಾಗಿದ್ದರೆ ವಿಂಡೋಸ್ ಏಳುವುದೇ ಇಲ್ಲ. ಮೈಕ್ರೊಸಾಫ್ಟ್‌ನದೇ ಪರಿವರ್ತನೆಯ ಸಾಧನ ವಿಂಡೋಸ್‌ನಲ್ಲಿದೆ, ಫೈಲುಗಳನ್ನು ಅಳಿಸದೆಯೇ ಅದು ಡಿಸ್ಕನ್ನು ಹೊಸ ಜಿಪಿಟಿ ಮಾದರಿಗೆ ಬದಲಿಸುತ್ತದೆ. ಬಯೋಸ್ ಅಪ್‌ಡೇಟ್ ಮಾಡಿ ಟಿಪಿಎಂ ಅಳಿಸಿದರೆ ಇನ್ನೊಂದು ತೊಡಕು: ಡಿಸ್ಕಿಗೆ ಗೂಢಲಿಪಿಯ ಬೀಗ ಹಾಕುವ ಬಿಟ್‌ಲಾಕರ್ 48 ಅಂಕಿಯ ಮರುಪಡೆಯುವಿಕೆ ಕೀಲಿ ಕೇಳುತ್ತದೆ. ಇತ್ತೀಚಿನ ವಿಂಡೋಸ್ 11ರಲ್ಲಿ ಡಿಸ್ಕ್‌ನ ಗೂಢಲಿಪೀಕರಣ ಮಾಲೀಕರು ಕೇಳದೆಯೇ ಚಾಲೂ ಆಗಿರುವುದುಂಟು. ಕೀಲಿ ಸಾಮಾನ್ಯವಾಗಿ ಮೈಕ್ರೊಸಾಫ್ಟ್ ಖಾತೆಯಲ್ಲಿ ಜಮೆಯಾಗಿರುತ್ತದೆ. ಅದು ಸಿಗದಿದ್ದರೆ ಡಿಸ್ಕ್ ಎಷ್ಟೇ ಆರೋಗ್ಯವಾಗಿದ್ದರೂ ಯಾವ ಪ್ರಯೋಗಾಲಯವೂ ಅದನ್ನು ಓದಿಕೊಡಲಾರದು.

ಅಳಿಸಿದ್ದು ತಂತ್ರಾಂಶವೇ ಆದಾಗ

ಬಳಕೆದಾರ ಏನೂ ತಪ್ಪು ಮಾಡದೆಯೇ ನಷ್ಟ ಅನುಭವಿಸಿದ ದಾಖಲೆಗಳು ಆಟಗಳ ಇತಿಹಾಸದಲ್ಲಿವೆ. ಐಸ್‌ಲ್ಯಾಂಡಿನ ಸಿಸಿಪಿ ಸಂಸ್ಥೆಯ ಈವ್ ಆನ್‌ಲೈನ್ ಆಟಕ್ಕೆ 2007ರ ಡಿಸೆಂಬರ್‌ನಲ್ಲಿ ಟ್ರಿನಿಟಿ ಎಂಬ ವಿಸ್ತರಣೆ ಬಂತು. ತನ್ನ ಫೋಲ್ಡರ್‌ನಲ್ಲಿದ್ದ ಹಳೆಯ ಬೂಟ್ ಫೈಲನ್ನು ಅಳಿಸಬೇಕಿದ್ದ ಅದು, ಅದೇ ಹೆಸರಿನ ವಿಂಡೋಸ್ ಎಕ್ಸ್‌ಪಿಯ ಬೂಟ್ ಫೈಲನ್ನು ಸಿ ಡ್ರೈವಿನ ಬುಡದಿಂದಲೇ ಅಳಿಸಿಬಿಟ್ಟಿತು. ಅನೇಕರ ಯಂತ್ರಗಳು ಮರುದಿನ ಏಳಲಿಲ್ಲ. 2015ರ ಜನವರಿಯಲ್ಲಿ ಬೆಳಕಿಗೆ ಬಂದ ಆಟಗಳ ಆನ್‌ಲೈನ್ ಅಂಗಡಿ ಸ್ಟೀಮ್‌ನ ಲಿನಕ್ಸ್ ಆವೃತ್ತಿಯ ದೋಷ ಇನ್ನೂ ಕ್ರೂರವಾದದ್ದು. ಸ್ಟೀಮ್ ಫೋಲ್ಡರನ್ನು ಬೇರೆಡೆಗೆ ಸರಿಸಿದ್ದರೆ ಅದರ ಸ್ಕ್ರಿಪ್ಟ್ ಖಾಲಿ ವಿಳಾಸವೊಂದನ್ನು ಹಿಡಿದು ಬಳಕೆದಾರರ ಎಲ್ಲ ಫೈಲುಗಳನ್ನೂ ಅಳಿಸುತ್ತಿತ್ತು. ಸಿಕ್ಕಿಸಿಟ್ಟಿದ್ದ ಹೊರಗಿನ ಬ್ಯಾಕಪ್ ಡಿಸ್ಕೂ ಉಳಿಯುತ್ತಿರಲಿಲ್ಲ. 2018ರ ಅಕ್ಟೋಬರ್ 2ರಂದು ಬಂದ ವಿಂಡೋಸ್ 10ರ ಅಪ್‌ಡೇಟ್ ಕೆಲವರ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರ್‌ಗಳನ್ನು ಅಳಿಸಿದ ಕಾರಣ ಮೈಕ್ರೊಸಾಫ್ಟ್ ಅದನ್ನು ಕೆಲವೇ ದಿನಗಳಲ್ಲಿ ತಡೆದು, ಸರಿಪಡಿಸಿ, ನವೆಂಬರ್‌ನಲ್ಲಿ ಮತ್ತೆ ಬಿಟ್ಟಿತು.

ಕ್ರ್ಯಾಕ್ ಮಾಡಿದ ಆಟಗಳ ಮೂಲಕ ಹರಡುವ ಸುಲಿಗೆ ತಂತ್ರಾಂಶಗಳು ಬೇರೆಯೇ ವರ್ಗ. ಮನೆ ಕಂಪ್ಯೂಟರ್‌ಗಳನ್ನು ಹೆಚ್ಚಾಗಿ ಕಾಡಿದ ಸ್ಟಾಪ್ ಅಥವಾ ಡಿಜೆವಿಯು ಎಂಬ ವಂಶ ಫೈಲುಗಳ ಹೆಸರಿನ ಬಾಲಕ್ಕೆ ಹೊಸ ಅಕ್ಷರಗಳನ್ನು ಅಂಟಿಸಿ ಒಳಗಿನದನ್ನು ಗೂಢಲಿಪಿಗೆ ತಿರುಗಿಸುತ್ತದೆ. 2019ರ ಅಕ್ಟೋಬರ್‌ನಲ್ಲಿ ಎಮ್ಸಿಸಾಫ್ಟ್ ಸಂಸ್ಥೆ ಇದರ 148 ರೂಪಾಂತರಗಳಿಗೆ ಉಚಿತ ಬಿಡುಗಡೆಯ ಸಾಧನವನ್ನು ಹೊರತಂದಿತು. ಬೀಗ ಬಿದ್ದ ಫೈಲುಗಳನ್ನು ಎಸೆಯದೆ ಬೇರೆ ಡಿಸ್ಕಿಗೆ ನಕಲಿಸಿ ಇಟ್ಟುಕೊಳ್ಳಬೇಕು ಎನ್ನುವುದು ಇದಕ್ಕೇ, ಕೀಲಿ ವರ್ಷಗಳ ನಂತರವೂ ಸಿಗಬಹುದು. ಸುಲಿಗೆಗೆ ಒಳಗಾದವರು ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ದೂರು ಕೊಡಬಹುದು.

ವಿದ್ಯುತ್ತು ಮತ್ತು ಗಾಳಿಪಟ

ಅಹಮದಾಬಾದಿಗೂ ಸೂರತ್‌ನ ಒಂದು ಭಾಗಕ್ಕೂ ವಿದ್ಯುತ್ ಕೊಡುವುದು ಟೊರೆಂಟ್ ಪವರ್. ಅದು 1913ರಲ್ಲಿ ಶುರುವಾದ ಅಹಮದಾಬಾದ್ ಎಲೆಕ್ಟ್ರಿಸಿಟಿ ಕಂಪನಿಯ ಉತ್ತರಾಧಿಕಾರಿ. ವಡೋದರಾಕ್ಕೆ ಮಧ್ಯ ಗುಜರಾತ್ ವಿಜ್ ಕಂಪನಿ ಪೂರೈಸುತ್ತದೆ. ಈ ಮೂರೂ ನಗರಗಳಲ್ಲಿ ಗಂಟೆಗಟ್ಟಲೆ ಲೋಡ್ ಶೆಡ್ಡಿಂಗ್ ವಿರಳ. ಆದ್ದರಿಂದಲೇ ಯುಪಿಎಸ್ ಏಕೆ ಬೇಕು ಎಂಬ ಪ್ರಶ್ನೆ ಇಲ್ಲಿ ಸುಲಭವಾಗಿ ಹುಟ್ಟುತ್ತದೆ. ಡಿಸ್ಕಿನ ಮಟ್ಟಿಗೆ ಮಾತ್ರ ಮೂರು ಗಂಟೆಯ ಕಡಿತಕ್ಕೂ ಒಂದು ಕ್ಷಣದ ಮಿಣುಕಿಗೂ ವ್ಯತ್ಯಾಸವಿಲ್ಲ. ನಮ್ಮ 50 ಹರ್ಟ್ಸ್ ವಿದ್ಯುತ್ತಿನ ಒಂದು ಆವರ್ತಕ್ಕೆ 20 ಮಿಲಿಸೆಕೆಂಡ್ ಬೇಕು. ಸರಬರಾಜು ನಿಂತ ಮೇಲೆ ಕಂಪ್ಯೂಟರ್‌ನ ವಿದ್ಯುತ್ ಘಟಕವಾದ ಎಸ್‌ಎಂಪಿಎಸ್ ತನ್ನ ಕೆಪಾಸಿಟರ್‌ಗಳ ಬಲದಿಂದ ಯಂತ್ರವನ್ನು ಹಿಡಿದಿಡಬೇಕೆಂದು ಎಟಿಎಕ್ಸ್ ಮಾನದಂಡ ಕೇಳುವುದು ಸುಮಾರು 17 ಮಿಲಿಸೆಕೆಂಡ್. ಎಂದರೆ ಒಂದು ಪೂರ್ತಿ ಆವರ್ತ ತಪ್ಪಿದರೂ ಸಾಕು.

ಉತ್ತರಾಯಣದ ದಿನ, ಅಂದರೆ ಜನವರಿ 14 ಮತ್ತು ಅದರ ಮರುದಿನದ ವಾಸಿ ಉತ್ತರಾಯಣ, ಗುಜರಾತಿನ ಮಾಳಿಗೆಗಳೆಲ್ಲ ಗಾಳಿಪಟದವರಿಂದ ತುಂಬಿರುತ್ತವೆ. ಒದ್ದೆಯಾದ ಅಥವಾ ಲೋಹದ ಪುಡಿ ಹಚ್ಚಿದ ಮಾಂಜಾ ದಾರ ಎರಡು ತಂತಿಗಳಿಗೆ ತಗುಲಿದರೆ ಲೈನ್ ಟ್ರಿಪ್ ಆಗುತ್ತದೆ. ಮನೆಯ ಹಿರಿಯರೆಲ್ಲ ಮಾಳಿಗೆಯಲ್ಲಿ ಊಂಧಿಯೂ ತಿನ್ನುತ್ತಿರುವಾಗ ಕೆಳಗೆ ರಜೆಯ ಖುಷಿಯಲ್ಲಿ ಆಡುತ್ತಿದ್ದವರ ಸೇವ್ ಫೈಲ್ ಅರ್ಧ ಬರೆದಲ್ಲೇ ನಿಲ್ಲಬಹುದು. 2021ರ ಮೇ 17ರ ರಾತ್ರಿ ಸೌರಾಷ್ಟ್ರದ ಕರಾವಳಿಗೆ ಅಪ್ಪಳಿಸಿದ ತೌಕ್ತೆ ಚಂಡಮಾರುತದಲ್ಲಂತೂ ರಾಜ್ಯದ ಸಾವಿರಾರು ಊರುಗಳ ವಿದ್ಯುತ್ ಹೋಗಿತ್ತು.

ಅರ್ಧ ಬರೆದ ಫೈಲಿನ ಗತಿ ವಿಚಿತ್ರವಾದದ್ದು. ವಿಂಡೋಸ್‌ನ ಫೈಲು ವ್ಯವಸ್ಥೆಯಾದ ಎನ್‌ಟಿಎಫ್‌ಎಸ್ ತನ್ನ ಪರಿವಿಡಿಯ ಬದಲಾವಣೆಗಳನ್ನು ಮೊದಲು ದಿನಚರಿಯಲ್ಲಿ ಗುರುತಿಸಿಕೊಳ್ಳುತ್ತದೆ. ಫೈಲಿನ ಒಳಗಿನ ವಿಷಯಕ್ಕೆ ಆ ರಕ್ಷಣೆ ಇಲ್ಲ. ಹೀಗಾಗಿ ಮರುದಿನ ಫೈಲು ಸರಿಯಾದ ಹೆಸರು, ಸರಿಯಾದ ಗಾತ್ರದೊಡನೆ ಇದ್ದು ಒಳಗೆ ಬರೀ ಸೊನ್ನೆಗಳೇ ತುಂಬಿರುವುದುಂಟು. ಮೈನ್‌ಕ್ರಾಫ್ಟ್ ತನ್ನ ಲೋಕದ ಮುಖ್ಯ ಫೈಲಿನ ಹಿಂದಿನ ಪ್ರತಿಯನ್ನು ‘ಓಲ್ಡ್’ ಎಂಬ ಬಾಲದೊಂದಿಗೆ ಅದೇ ಫೋಲ್ಡರ್‌ನಲ್ಲಿ ಇಟ್ಟುಕೊಂಡಿರುತ್ತದೆ. ಅದರ ಹೆಸರು ಬದಲಿಸಿದರೆ ತೆರೆಯದ ಲೋಕ ಎಷ್ಟೋ ಸಲ ತೆರೆದುಕೊಳ್ಳುತ್ತದೆ.

ಯುಪಿಎಸ್ ಕೊಂಡರೂ ಗಾತ್ರ ತಪ್ಪುವುದುಂಟು. ಅಂಗಡಿಯಲ್ಲಿ ಸುಲಭವಾಗಿ ಸಿಗುವ 600 ವಿಎ ಯುಪಿಎಸ್ ಹೊರುವುದು ಹೆಚ್ಚಾಗಿ 360 ವ್ಯಾಟ್. ದೊಡ್ಡ ಗ್ರಾಫಿಕ್ಸ್ ಕಾರ್ಡಿನ ಯಂತ್ರ ಆಟದ ನಡುವೆ ಅದಕ್ಕಿಂತ ಹೆಚ್ಚು ಎಳೆಯುವುದರಿಂದ, ಕರೆಂಟ್ ಹೋದ ಕ್ಷಣವೇ ಯುಪಿಎಸ್ ಕೂಡ ಕೈಬಿಡುತ್ತದೆ. ಮನೆಯ ಇನ್ವರ್ಟರ್‌ಗೆ ಜೋಡಿಸಿದ್ದರೆ ಅದರ ಗುಂಡಿ ಯುಪಿಎಸ್ ಸ್ಥಾನದಲ್ಲಿರಬೇಕು. ಇನ್ನೊಂದು ಸ್ಥಾನದಲ್ಲಿ ಬದಲಾವಣೆಯ ಸಮಯ 17 ಮಿಲಿಸೆಕೆಂಡ್ ಮೀರಬಹುದು.

ಬಿಸಿಲು

2016ರ ಮೇ 20ರಂದು ಅಹಮದಾಬಾದಿನಲ್ಲಿ 48 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಇಂಥ ಸೆಕೆಗಾಗಿಯೇ ಈ ನಗರ 2013ರಲ್ಲಿ ಉಷ್ಣ ಅಲೆ ಕ್ರಿಯಾ ಯೋಜನೆಯನ್ನು ರೂಪಿಸಿತ್ತು. ದಕ್ಷಿಣ ಏಷ್ಯಾದಲ್ಲಿ ಅದೇ ಮೊದಲನೆಯದು. ಬಿಸಿಲಿಗೆ ಡಿಸ್ಕ್ ಸಾಯುತ್ತದೆ ಎಂಬ ಮಾತು ಪೂರ್ತಿ ಸರಿಯಲ್ಲ. ಒಂದು ಲಕ್ಷಕ್ಕೂ ಹೆಚ್ಚು ಹಾರ್ಡ್‌ಡಿಸ್ಕ್‌ಗಳನ್ನು ಗಮನಿಸಿ ಗೂಗಲ್‌ನ ಮೂವರು ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಉಷ್ಣತೆಗೂ ವೈಫಲ್ಯಕ್ಕೂ ನಿರೀಕ್ಷಿಸಿದಷ್ಟು ನಂಟು ಕಾಣಲಿಲ್ಲ. ಆದರೆ ಅವು ತಂಪಾದ ದತ್ತಾಂಶ ಕೇಂದ್ರಗಳ ಡಿಸ್ಕ್‌ಗಳು, ಎ.ಸಿ. ಇಲ್ಲದ ಮೇಲಂತಸ್ತಿನ ಕೋಣೆಯಲ್ಲಿ, ಧೂಳು ಕಟ್ಟಿದ ಫ್ಯಾನಿನ ಹಿಂದೆ, ಗ್ರಾಫಿಕ್ಸ್ ಕಾರ್ಡಿನ ಬಿಸಿಯುಸಿರಿನಲ್ಲಿ ಕುಳಿತ, ತಟ್ಟೆಯ ಬದಲು ಚಿಪ್ಪುಗಳಿರುವ ಎಸ್‌ಎಸ್‌ಡಿಯ ಪಾಡು ಬೇರೆ. ಬಿಸಿ ಮಿತಿ ಮೀರಿದಾಗ ಎನ್‌ವಿಎಂಇ ಬಗೆಯ ಎಸ್‌ಎಸ್‌ಡಿ ಮೊದಲು ವೇಗ ಇಳಿಸುತ್ತದೆ, ಕೊನೆಗೆ ಆಟದ ನಡುವೆ ಕಾಣೆಯಾಗುತ್ತದೆ. ಸ್ವಿಚ್ ಆರಿಸಿ ತಣ್ಣಗಾದ ಮೇಲೆ ಮರಳಿ ಬಂದರೆ ಅದನ್ನು ಎಚ್ಚರಿಕೆಯೆಂದು ತಿಳಿದು ಆಗಲೇ ನಕಲು ತೆಗೆಯಬೇಕು.

ಅದೇ ಅಧ್ಯಯನದ ಇನ್ನೊಂದು ಸಂಗತಿ ಹೆಚ್ಚು ಚಿಂತೆಗೆ ಹಚ್ಚುವಂಥದು. ಕೆಟ್ಟ ಡಿಸ್ಕ್‌ಗಳಲ್ಲಿ ಶೇಕಡ 56ಕ್ಕೂ ಹೆಚ್ಚಿನವು ಸ್ಮಾರ್ಟ್ ಎಂಬ ಸ್ವಯಂ ತಪಾಸಣೆಯ ನಾಲ್ಕು ಪ್ರಬಲ ಸೂಚನೆಗಳಲ್ಲಿ ಒಂದನ್ನೂ ಕೊಟ್ಟಿರಲಿಲ್ಲ. ಸ್ಮಾರ್ಟ್ ಕೆಂಪು ತೋರಿಸಿದರೆ ನಂಬಬೇಕು, ಹಸಿರು ತೋರಿಸಿದರೆ ನೆಮ್ಮದಿಯಿಂದ ಇರುವಂತಿಲ್ಲ.

ತಾಪಿ, ವಿಶ್ವಾಮಿತ್ರಿ

2006ರ ಆಗಸ್ಟ್ 7ರಿಂದ 9ರವರೆಗೆ ಉಕಾಯಿ ಅಣೆಕಟ್ಟಿನಿಂದ ಸುಮಾರು 9 ಲಕ್ಷ ಕ್ಯೂಸೆಕ್‌ವರೆಗೆ ನೀರು ಬಿಟ್ಟಾಗ ತಾಪಿ ನದಿ ಸೂರತ್‌ನ ಬಹುಭಾಗವನ್ನು ಮುಳುಗಿಸಿತು. ವಡೋದರಾದಲ್ಲಿ 2019ರ ಜುಲೈ 31ರಂದು ಒಂದೇ ದಿನದಲ್ಲಿ 500 ಮಿಲಿಮೀಟರ್‌ನ ಹತ್ತಿರ ಮಳೆ ಸುರಿಯಿತು. 2024ರ ಆಗಸ್ಟ್ ಕೊನೆಯಲ್ಲಿ ವಿಶ್ವಾಮಿತ್ರಿ ನದಿ 25 ಅಡಿಯ ಗಡಿ ಮೀರಿ 35 ಅಡಿಗೂ ಮೇಲೇರಿತು. ಮೊಸಳೆಗಳು ಬಡಾವಣೆಗಳಿಗೆ ಬಂದವು, ರಕ್ಷಣೆಗೆ ಸೇನೆ ಇಳಿಯಿತು. ಇಂಥ ನೆರೆಯಲ್ಲಿ ಕೋಣೆಯ ವಸ್ತುಗಳಲ್ಲಿ ಮೊದಲು ಮುಳುಗುವುದು ಮೇಜಿನ ಕೆಳಗೆ ನೆಲದ ಮೇಲಿಟ್ಟ ಕ್ಯಾಬಿನೆಟ್. ಅದನ್ನು ಮೇಜಿನ ಮೇಲಕ್ಕೆ ಎತ್ತಿಡುವುದಕ್ಕಿಂತ ಅಗ್ಗದ ರಕ್ಷಣೆ ನದಿ ತೀರದ ಊರುಗಳಲ್ಲಿ ಇನ್ನೊಂದಿಲ್ಲ.

ನೆನೆದ ಯಂತ್ರವನ್ನು ಒಣಗಿಸಿ ಹಾಕಿ ನೋಡುವುದು ಎಲ್ಲರೂ ಮಾಡುವ ಕೆಲಸ, ಮಾಡಬಾರದ ಕೆಲಸವೂ ಅದೇ. ಸಾಮಾನ್ಯ ಹಾರ್ಡ್‌ಡಿಸ್ಕ್‌ನಲ್ಲಿ ಗಾಳಿಯ ಒತ್ತಡ ಸಮವಾಗಲು ಪುಟ್ಟ ರಂಧ್ರವಿರುತ್ತದೆ, ಕೆಸರು ನೀರು ಅದರಿಂದ ಒಳಗೆ ಇಳಿಯಬಲ್ಲದು. ಓದುವ ಹೆಡ್ಡು ತಟ್ಟೆಯಿಂದ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುವಾಗ, ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆಯ ಮೇಲೆ ಒಣಗಿದ ಮಣ್ಣಿನ ಕಣವೊಂದಿದ್ದರೆ ಕಾಂತೀಯ ಪದರವನ್ನೇ ಕೆರೆದುಹಾಕುತ್ತದೆ. ಬಿಸಿಲಿಗಿಡದೆ, ಅಕ್ಕಿಯಲ್ಲಿ ಹೂಳದೆ, ತೇವ ಆರದಂತೆ ಮುಚ್ಚಿದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬೇಗನೆ ಪ್ರಯೋಗಾಲಯಕ್ಕೆ ಕೊಡಬೇಕೆಂದು ದತ್ತಾಂಶ ಮರುಪಡೆಯುವವರು ಹೇಳುವುದು ಕೆಸರು ತಟ್ಟೆಗೆ ಅಂಟಿಕೊಳ್ಳದಿರಲಿ ಎಂದು.

ಹಾಗೆ ಕೊಟ್ಟರೆ ಎಷ್ಟರಮಟ್ಟಿಗೆ ಫಲ ಸಿಗಬಹುದು ಎಂಬುದಕ್ಕೆ ಕೊಲಂಬಿಯಾ ನೌಕೆಯ ಉದಾಹರಣೆಯಿದೆ. 2003ರ ಫೆಬ್ರವರಿ 1ರಂದು ಕಲ್ಪನಾ ಚಾವ್ಲಾ ಸೇರಿ ಏಳು ಗಗನಯಾತ್ರಿಗಳನ್ನು ಬಲಿ ತೆಗೆದುಕೊಂಡ ಆ ದುರಂತದ ಅವಶೇಷಗಳಲ್ಲಿ ಸುಟ್ಟು ಕರಕಲಾದ ಸೀಗೇಟ್ ಡಿಸ್ಕೊಂದು ಒಣಗಿದ ಕೆರೆಯಲ್ಲಿ ಸಿಕ್ಕಿತು. ಝೆನಾನ್ ಅನಿಲದ ಪ್ರಯೋಗದ ದಾಖಲೆಗಳಿದ್ದ ಆ ಡಿಸ್ಕಿನಿಂದ ಅಮೆರಿಕದ ತಜ್ಞರು ಶೇಕಡ 99ರಷ್ಟು ದತ್ತಾಂಶವನ್ನು ಹೊರತೆಗೆದರು. ತಟ್ಟೆಗಳಲ್ಲಿ ಬರಹವಿದ್ದ ಭಾಗ ಉಳಿದುಕೊಂಡಿತ್ತು.

ಚಿಪ್ಪಿನೊಳಗಿನ ದೋಷ

ಅಹಮದಾಬಾದಿನ ಪಕ್ಕದ ಸಾನಂದದಲ್ಲಿ ಮೆಮೊರಿ ಚಿಪ್ಪುಗಳನ್ನು ಜೋಡಿಸಿ ಪರೀಕ್ಷಿಸುವ ಮೈಕ್ರಾನ್ ಕಾರ್ಖಾನೆಗೆ 2023ರ ಸೆಪ್ಟೆಂಬರ್‌ನಲ್ಲಿ ಶಂಕುಸ್ಥಾಪನೆ ಆಯಿತು. ಎಸ್‌ಎಸ್‌ಡಿಗಳ ಒಳಗಿನ ನ್ಯಾಂಡ್ ಚಿಪ್ಪುಗಳೂ ಅದರ ವ್ಯಾಪ್ತಿಗೆ ಬರುತ್ತವೆ. ಇದೇ ಕಂಪನಿಯ ಕ್ರೂಶಿಯಲ್ ಎಂ4 ಎಂಬ ಡಿಸ್ಕ್ 5,184 ಗಂಟೆ ಓಡಿದ ಮೇಲೆ ಇದ್ದಕ್ಕಿದ್ದಂತೆ ಸ್ತಬ್ಧವಾಗುತ್ತಿತ್ತು. ಮತ್ತೆ ಚಾಲೂ ಮಾಡಿದರೆ ಒಂದು ಗಂಟೆ ಓಡಿ ಪುನಃ ನಿಲ್ಲುತ್ತಿತ್ತು. 2012ರ ಜನವರಿಯಲ್ಲಿ ಬಂದ ಹೊಸ ಫರ್ಮ್‌ವೇರ್ ಅದನ್ನು ಸರಿಪಡಿಸಿತು. ಗೇಮರ್‌ಗಳ ಅಚ್ಚುಮೆಚ್ಚಿನ ಸ್ಯಾಮ್‌ಸಂಗ್ 980 ಪ್ರೊ ಡಿಸ್ಕಿನ ಒಂದು ಫರ್ಮ್‌ವೇರ್ ಕೂಡ ಡಿಸ್ಕನ್ನು ಬರೀ ಓದಲಷ್ಟೇ ಬರುವ ಸ್ಥಿತಿಗೆ ತಳ್ಳುತ್ತಿದ್ದುದು 2023ರ ಆರಂಭದಲ್ಲಿ ಸುದ್ದಿಯಾಯಿತು. ಇಂಥ ದೋಷಗಳಿಗೆ ಪೂರ್ವಸೂಚನೆ ಇರುವುದಿಲ್ಲ.

ಡಿಸ್ಕ್ ಸರಿಯಿದ್ದೂ ಫೈಲು ಕೆಡುವುದುಂಟು. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಮೇಲ್ದರ್ಜೆಯ ಪ್ರೊಸೆಸರ್‌ಗಳು ಹೆಚ್ಚಿನ ವೋಲ್ಟೇಜಿನಿಂದ ಅಸ್ಥಿರವಾಗುತ್ತಿದ್ದುದನ್ನು ಕಂಪನಿ 2024ರಲ್ಲಿ ಒಪ್ಪಿಕೊಂಡು, ಮೈಕ್ರೊಕೋಡ್ ಬದಲಿಸಿ, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಆಟದ ಫೈಲುಗಳನ್ನು ಬಿಚ್ಚುವಾಗ ದೋಷ, ವಿಡಿಯೊ ಮೆಮೊರಿ ಸಾಲದೆಂಬ ಸುಳ್ಳು ಸಂದೇಶ ಇದರ ಲಕ್ಷಣಗಳು. ಮಿತಿ ಮೀರಿ ವೇಗ ಏರಿಸಿದ ರ್‍ಯಾಮ್ ಕೂಡ ಇದನ್ನೇ ಮಾಡುತ್ತದೆ, ಅದೂ ಸದ್ದಿಲ್ಲದೆ. ಡಿಸ್ಕ್ ಬದಲಿಸುವ ಮೊದಲು ಮೆಮ್‌ಟೆಸ್ಟ್ ಒಂದು ರಾತ್ರಿ ಓಡಿಸಿ ನೋಡುವುದು ಉಚಿತ.

ಹುಡುಕುವ ಕ್ರಮ

ಕಟ್ಟುನಿಟ್ಟಿನ ನಿಯಮ ಒಂದೇ: ಫೈಲು ಕಳೆದ ಡಿಸ್ಕಿನ ಮೇಲೆ ಏನನ್ನೂ ಬರೆಯಬಾರದು. ಮರುಪಡೆಯುವ ತಂತ್ರಾಂಶವನ್ನೂ ಅದರ ಮೇಲೆ ಸ್ಥಾಪಿಸಬಾರದು. ಎಸ್‌ಎಸ್‌ಡಿಯಾದರೆ ಇನ್ನೂ ಅವಸರವಿದೆ, ಏಕೆಂದರೆ 2009ರ ವಿಂಡೋಸ್ 7ರಿಂದ ಟ್ರಿಮ್ ಎಂಬ ಆಜ್ಞೆ ಅಳಿಸಿದ ಫೈಲಿನ ಜಾಗವನ್ನು ಖಾಲಿಯೆಂದು ಡಿಸ್ಕಿಗೆ ಆಗಲೇ ತಿಳಿಸುತ್ತದೆ, ಡಿಸ್ಕ್ ಅದನ್ನು ತನ್ನಷ್ಟಕ್ಕೆ ಒರೆಸಿಬಿಡುತ್ತದೆ. ಹಳೆಯ ಹಾರ್ಡ್‌ಡಿಸ್ಕಿನಿಂದ ತಿಂಗಳ ನಂತರವೂ ಸಿಗಬಹುದಾದ ಫೋಟೊ ಎಸ್‌ಎಸ್‌ಡಿಯಿಂದ ನಿಮಿಷಗಳ ನಂತರ ಸಿಗದಿರಬಹುದು.

ಯಂತ್ರ ಆರಿಸಿ, ಡಿಸ್ಕ್ ತೆಗೆದು ಬೇರೆ ಕಂಪ್ಯೂಟರ್‌ಗೆ ಹಾಕಬೇಕು, ಇಲ್ಲವೇ ಪೆನ್‌ಡ್ರೈವ್‌ನಿಂದ ಲಿನಕ್ಸ್ ಎಬ್ಬಿಸಬೇಕು. ಬಯೋಸ್ ಡಿಸ್ಕಿನ ಹೆಸರನ್ನೂ ಗಾತ್ರವನ್ನೂ ಸರಿಯಾಗಿ ಹೇಳುತ್ತದೆಯೇ ಎಂಬುದು ಮೊದಲ ಪ್ರಶ್ನೆ. ಹೇಳಿದರೆ ಸ್ಮಾರ್ಟ್ ಅಂಕಿಗಳನ್ನು ಓದಬೇಕು. 5 ಮತ್ತು 197ನೇ ಸಾಲುಗಳಲ್ಲಿ ಸೊನ್ನೆಗಿಂತ ಹೆಚ್ಚಿದ್ದು ಅದು ಏರುತ್ತಿದ್ದರೆ ತಟ್ಟೆ ಹಾಳಾಗುತ್ತಿದೆ. 199 ಮಾತ್ರ ಏರುತ್ತಿದ್ದರೆ ತಪ್ಪು ಹೆಚ್ಚಾಗಿ ಕೇಬಲ್ಲಿನದು. ತಟ್ಟೆ ಹಾಳಾಗುತ್ತಿರುವ ಡಿಸ್ಕಿನ ಮೇಲೆ ವಿಂಡೋಸ್‌ನ ಚೆಕ್‌ಡಿಸ್ಕ್ ಓಡಿಸಿದರೆ ಅದು ಪರಿವಿಡಿಯನ್ನು ‘ಸರಿ’ ಮಾಡುವ ಹೆಸರಿನಲ್ಲಿ ಫೈಲುಗಳನ್ನು ತುಂಡು ಮಾಡಿ ಬೇರೆ ಫೋಲ್ಡರ್‌ಗೆ ಸುರಿಯಬಲ್ಲದು. ಬದಲಿಗೆ ಡಿಸ್ಕಿನ ನಕಲು ತೆಗೆಯಬೇಕು. ಅದಕ್ಕಿರುವ ಜಿಎನ್‌ಯು ಡಿಡಿರೆಸ್ಕ್ಯೂ ಮೊದಲು ಚೆನ್ನಾಗಿರುವ ಭಾಗಗಳನ್ನೆಲ್ಲ ನಕಲಿಸಿಕೊಂಡು ಕೆಟ್ಟ ಭಾಗಗಳನ್ನು ಕೊನೆಗೆ ಬಿಡುತ್ತದೆ. ಆ ನಕಲಿನ ಮೇಲೆ ಟೆಸ್ಟ್‌ಡಿಸ್ಕ್ ಕಳೆದುಹೋದ ವಿಭಾಗಗಳನ್ನು ಹುಡುಕುತ್ತದೆ, ಫೋಟೊರೆಕ್ ಹೆಸರುಗಳಿಲ್ಲದಿದ್ದರೂ ಚಿತ್ರಗಳನ್ನು ಗುರುತಿಸಿ ತೆಗೆಯುತ್ತದೆ. ಮೂರೂ ಉಚಿತ.

ಟಕ್ ಟಕ್ ಎನ್ನುವ ಡಿಸ್ಕಿಗೆ ಇವು ಯಾವುದೂ ಅಲ್ಲ. ಫ್ರೀಜರ್‌ನಲ್ಲಿಟ್ಟರೆ ಸರಿಹೋಗುತ್ತದೆ ಎಂಬ ಹಳೆಯ ಉಪಾಯ ಸೂರತ್‌ನಂಥ ತೇವದ ಊರಿನಲ್ಲಿ ತಟ್ಟೆಯ ಮೇಲೆ ನೀರಹನಿ ಕೂರಿಸುತ್ತದೆ. ಅದೇ ಮಾದರಿಯ ಇನ್ನೊಂದು ಡಿಸ್ಕಿನ ಸರ್ಕ್ಯೂಟ್ ಬೋರ್ಡ್ ತಂದು ಹಾಕುವುದೂ ಇಂದು ಸಾಲದು. ಪ್ರತಿ ಡಿಸ್ಕಿನದೇ ಆದ ಹೊಂದಾಣಿಕೆಯ ಅಂಕಿಗಳಿರುವ ರೋಮ್ ಚಿಪ್ಪನ್ನೂ ವರ್ಗಾಯಿಸಬೇಕಾಗುತ್ತದೆ. ನ್ಯಾಯಾಲಯಕ್ಕೆ ಸಾಕ್ಷ್ಯ ಒದಗಿಸುವ ವಿಧಿವಿಜ್ಞಾನಿಗಳು ಇಂಥ ಡಿಸ್ಕನ್ನು ಬರೆಯುವುದನ್ನು ತಡೆಯುವ ರೈಟ್ ಬ್ಲಾಕರ್ ಮೂಲಕ ಮಾತ್ರ ಮುಟ್ಟಿ, ನಕಲಿನ ಮೇಲೆಯೇ ಕೆಲಸ ಮಾಡುತ್ತಾರೆ. ಆ ವಿದ್ಯೆಯ ದೇಶದ ಪ್ರಮುಖ ಕೇಂದ್ರವಾದ, 2020ರಲ್ಲಿ ರಾಷ್ಟ್ರೀಯ ಸ್ಥಾನ ಪಡೆದ ವಿಧಿವಿಜ್ಞಾನ ವಿಶ್ವವಿದ್ಯಾಲಯ ಅಹಮದಾಬಾದಿನ ಪಕ್ಕದ ಗಾಂಧಿನಗರದಲ್ಲೇ ಇದೆ.

ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಮನೆಯ ಹೊರಗೆ ಎಂಬ ಸೂತ್ರವನ್ನು ಜನಪ್ರಿಯಗೊಳಿಸಿದವರು ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್. 2008ರಲ್ಲಿ ಶುರುವಾದ ಸ್ಟೀಮ್ ಕ್ಲೌಡ್ ಕೆಲವು ಆಟಗಳ ಸೇವ್‌ಗಳನ್ನಷ್ಟೇ ಕಾಯುತ್ತದೆ, ಅದೂ ಕೆಟ್ಟ ಫೈಲನ್ನು ಒಳ್ಳೆಯದರ ಮೇಲೆ ಏರಿಸುವ ಸಾಧ್ಯತೆಯೊಂದಿಗೆ. ಫೋಟೊ, ಪತ್ರಗಳಿಗೆ ಹೊರಗಿನ ಡಿಸ್ಕ್ ಬೇಕೇ ಬೇಕು, ಅದನ್ನು ಕೆಲಸವಾದೊಡನೆ ಕಂಪ್ಯೂಟರ್‌ನಿಂದ ಬಿಡಿಸಿಡಬೇಕು. ಸೂರತ್ ಅಥವಾ ವಡೋದರಾದ ನೆರೆಯಲ್ಲಿ ಇಡೀ ಬಡಾವಣೆ ಮುಳುಗುವುದರಿಂದ ಪಕ್ಕದ ಮನೆಯಲ್ಲಿಟ್ಟ ಪ್ರತಿ ಹೊರಗಿನ ಪ್ರತಿಯಾಗುವುದಿಲ್ಲ. ಅಲ್ಲಿ ನೆಲೆಸಿದ ಕನ್ನಡ ಕುಟುಂಬಗಳು ರಜೆಯಲ್ಲಿ ಹುಬ್ಬಳ್ಳಿಗೋ ಮೈಸೂರಿಗೋ ಹೋಗುವಾಗ ಒಂದು ಪ್ರತಿಯನ್ನು ಊರಿನ ಮನೆಯಲ್ಲಿ ಇಟ್ಟುಬರಬಹುದು. ಹಾಗೆ ಇಡುವುದು ಹಾರ್ಡ್‌ಡಿಸ್ಕ್ ಆಗಿದ್ದರೆ ವಾಸಿ. ಆಯುಷ್ಯ ಮುಗಿಸಿದ ಎಸ್‌ಎಸ್‌ಡಿ ವಿದ್ಯುತ್ ಇಲ್ಲದೆ 30 ಡಿಗ್ರಿಯಲ್ಲಿ ಒಂದು ವರ್ಷ ದತ್ತಾಂಶ ಉಳಿಸಿಕೊಂಡರೆ ಸಾಕೆಂದು ಜೆಡೆಕ್ ಮಾನದಂಡ ಹೇಳುತ್ತದೆ, ಬೇಸಿಗೆಯಲ್ಲಿ ಅಟ್ಟದ ಬಿಸಿ ಅದಕ್ಕಿಂತ ಎಷ್ಟೋ ಹೆಚ್ಚು. ಮುಂದಿನ ರಜೆಯಲ್ಲಿ ಅದನ್ನು ಸಿಕ್ಕಿಸಿ, ಕೆಲವು ಫೈಲುಗಳನ್ನು ತೆರೆದು ನೋಡಿ, ಹೊಸ ವರ್ಷದವನ್ನು ಸೇರಿಸಬೇಕು.